ಎಕ್ಸ್‌ಚೇಂಜ್ ಅಕ್ಕನ ಹಳೇ ಫೋಲ್ಡರು

ಅಲ್ಲ, ಆ ದಿನ ಮಳೆ ಇರಲಿಲ್ಲ. ಮಳೆಯನ್ನು ನಾನು ಆಮೇಲೆ ಸೇರಿಸಿಕೊಂಡಿದ್ದೇನೆ. ಈ ಸಂಗತಿಯನ್ನು ಯಾರಿಗಾದರೂ ಹೇಳುವಾಗೆಲ್ಲ ಹೊರಗೆ ಮಳೆ ಹೊಯ್ಯುತ್ತಿರುತ್ತದೆ, ಅಕ್ಕ ಬಾಗಿಲ ಕಡೆ ನೋಡುತ್ತಿರುತ್ತಾರೆ, ಮಾನಿಟರಿನ ಬೆಳಕು ಅವರ ಕನ್ನಡಕದ ಮೇಲೆ ಬಿದ್ದಿರುತ್ತದೆ. ಆದರೆ ಅದು ಮಾಘ ಮಾಸ. ಮಾಘದಲ್ಲಿ ಕುಂದಾಪುರದಲ್ಲಿ ಮಳೆ ಎಲ್ಲಿಯದು? ಅಕ್ಕ ಕನ್ನಡಕ ಹಾಕುತ್ತಿದ್ದರೇ ಎಂಬುದೂ ಈಗ ಅನುಮಾನ. ಅವರ ಒಂದು ಫೋಟೋ ಕೂಡ ನನ್ನ ಬಳಿ ಇಲ್ಲ. ಇದ್ದಿದ್ದರೆ ಕನ್ನಡಕದ ವಿಷಯವಾದರೂ ಇತ್ಯರ್ಥವಾಗುತ್ತಿತ್ತು. ನನಗೆ ಖಾತ್ರಿ ಇರುವುದು ಇಷ್ಟೇ: 2009ರ ಒಂದು ಭಾನುವಾರ ನಾನು ಅವರ ಕಂಪ್ಯೂಟರಿನ ಎದುರು ಕೂತು, ಅವರ ವೆಬ್‌ಸೈಟನ್ನು ಒಂದು ಫೋಲ್ಡರಿನಿಂದ ಎತ್ತಿ ಇನ್ನೊಂದಕ್ಕೆ ಹಾಕಿದೆ. ಹತ್ತು ನಿಮಿಷದ ಕೆಲಸ.

ಅಕ್ಕ ತೀರಿಕೊಂಡು ಈಗ ಎರಡು ತಿಂಗಳು. ಕಳೆದ ವಾರ ಅವರ ಅಣ್ಣನ ಮಗಳು ಫೋನ್ ಮಾಡಿದಳು. "ಮಾಷ್ಟ್ರೇ, ಅತ್ತೆ ಕಂಪ್ಯೂಟರ್ ಇನ್ನೂ ಗುಂಯ್ ಅಂದೇಳಿ ಓಡ್ತಾ ಇತ್ತ್. ಬಂದ್ ಮಾಡುದಾ, ಎಂತ ಮಾಡುದ್?"

"ಮಾಡಬೇಡ. ನಾನ್ ಬತ್ತೆ" ಎಂದೆ.

ಅದನ್ನು ಬಂದ್ ಮಾಡುವ ಮೊದಲು ಅದರೊಳಗಿರುವುದನ್ನೆಲ್ಲ ಬೇರೊಂದು ಸರ್ವರಿಗೆ ಸಾಗಿಸಬೇಕು. ಅಂದರೆ ಅದೇ ಕೆಲಸ, ಎರಡನೇ ಸಲ. ನಾಲ್ಕು ದಿನದಿಂದ ಅವರ ಅಂಗಡಿಗೆ ಹೋಗಿ ಕೂತು ಎದ್ದು ಬರುತ್ತಿದ್ದೇನೆ. ಕೈ ಏಳುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲರೂ ಅವರನ್ನು ಎಕ್ಸ್‌ಚೇಂಜ್ ಅಕ್ಕ ಎನ್ನುತ್ತಿದ್ದರು. ಮೂಲ ನಾವುಂದ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಮೊದಲು ಬ್ರಹ್ಮಾವರ, ಆಮೇಲೆ ಬೈಂದೂರು. ಆಪರೇಟರುಗಳು ಮಾಡುವುದನ್ನೆಲ್ಲ ಯಂತ್ರಗಳೇ ಮಾಡತೊಡಗಿದ ಮೇಲೆ ಕೆಲಸ ಬಿಟ್ಟು, ಕುಂದಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಎಸ್‌ಟಿಡಿ ಬೂತ್ ಹಾಕಿದರು. ಬೂತಿನ ಹಿಂದೆ ಒಂದು ಕೋಣೆ, ಅಲ್ಲೇ ವಾಸ. ಮುಂಬಯಿ, ಪುಣೆ, ಸೂರತ್ತಿನ ಹೋಟೆಲುಗಳಲ್ಲಿದ್ದ ನಮ್ಮ ಕಡೆಯವರು ಊರಿಗೆ ಸುದ್ದಿ ಮುಟ್ಟಿಸಬೇಕಾದರೆ ಆ ಬೂತಿಗೆ ಫೋನ್ ಮಾಡುತ್ತಿದ್ದರು. ಮನೆಯ ಹೆಸರು ಹೇಳಿದರೆ ಸಾಕು. ಆ ದಾರಿಯಲ್ಲಿ ಹೋಗುವ ಬಸ್ಸು ಯಾವುದು, ಅದರ ಕಂಡಕ್ಟರ್ ಯಾರು, ಅವನು ಯಾರ ಅಂಗಡಿಯಲ್ಲಿ ಚೀಟಿ ಕೊಡಬೇಕು, ಎಲ್ಲ ಅಕ್ಕನ ತಲೆಯಲ್ಲಿತ್ತು. ಅಮಾಸೆಬೈಲಿನ ಒಳಗಿನ ಒಂದು ಮನೆಗೆ ಅವರು ಎರಡು ಗಂಟೆಯೊಳಗೆ ಸುದ್ದಿ ಮುಟ್ಟಿಸಿದ್ದು ಉಂಟು. ಆ ಮನೆಯನ್ನು ಅವರು ಯಾವತ್ತೂ ಕಂಡಿರಲಿಲ್ಲ.

ಆ ಕಡೆಯವರು ಹಲೋ ಎನ್ನುವ ಮೊದಲು ಎಳೆಯುವ ಉಸಿರಿನಲ್ಲೇ ಸಾವಿನ ಸುದ್ದಿಯೋ ಅಲ್ಲವೋ ತಿಳಿಯುತ್ತದೆ ಎನ್ನುತ್ತಿದ್ದರು. ನಾನು ನಂಬಿರಲಿಲ್ಲ. ಒಮ್ಮೆ ಎದುರಿಗೇ ಫೋನ್ ಬಂತು. ಅಕ್ಕ ಎತ್ತಿದರು, ಏನೂ ಕೇಳುವ ಮೊದಲೇ ಪೆನ್ನಿಗೆ ಕೈ ಹಾಕಿ, "ಹೇಳಿ, ಯಾರಿಗ್ ಹೇಳ್ಕ್?" ಎಂದರು. ಆ ಕಡೆ ಯಾರೋ ಅತ್ತರು. ಒಂದು ಸಲ ಹೊಂದಿಕೆಯಾದದ್ದಕ್ಕೆ ಪುರಾವೆ ಎನ್ನುವುದಿಲ್ಲ. ಆದರೂ ಬರೆದಿಟ್ಟೆ.

ಅವರಿಗೆ ಒಂದು ನಿಯಮವಿತ್ತು. ಬಂದ ಕರೆಯನ್ನು ಜೋಡಿಸುವುದು ಆಪರೇಟರಿನ ಕೆಲಸ; ಕೇಳಿಸಿಕೊಳ್ಳುವುದಲ್ಲ. ಜೋಡಿಸಿ, ಎರಡೂ ಕಡೆ ಹಲೋ ಅಂದದ್ದು ಕಿವಿಗೆ ಬಿದ್ದ ಕೂಡಲೇ ತಾವು ಹೊರಗೆ ಬಂದುಬಿಡಬೇಕು. ಬೇರೆ ಆಪರೇಟರುಗಳು ಮದುವೆ ಮಾತುಕತೆ, ಜಗಳ ಎಲ್ಲ ಕೇಳಿಸಿಕೊಂಡು ಊಟದ ಹೊತ್ತಿಗೆ ಹೇಳಿ ನಗುತ್ತಿದ್ದರಂತೆ. ಇವರು ನಗುತ್ತಿರಲಿಲ್ಲವಂತೆ. ಇದನ್ನು ಅವರೇ ಹೇಳಿದ್ದು, ಹಾಗಾಗಿ ಸ್ವಲ್ಪ ಕಳೆದು ಓದಬೇಕು.

ಮೊಬೈಲು ಬಂದು ಬೂತು ಖಾಲಿಯಾಯಿತು. ಆಗ ಒಂದು ಸಂಗತಿ ನಡೆಯಿತು. ಪುಣೆಯಲ್ಲಿ ಸ್ವಂತ ಹೋಟೆಲಿದ್ದ ಒಬ್ಬರು ಹೊಸ ಮನೆಯ ಗೃಹಪ್ರವೇಶ ಮಾಡಿಸಿದರು. ಊರಿನಲ್ಲಿ ದಾಯಾದಿಯೊಬ್ಬರು ತೀರಿಕೊಂಡು ಆಗ ಐದು ದಿನವಾಗಿತ್ತು. ಅವರಿಗೆ ಗೊತ್ತಾದದ್ದು ತಿಂಗಳ ಮೇಲೆ. ಸೂತಕದೊಳಗೆ ಹೋಮ ಮಾಡಿಸಿದೆನಲ್ಲ ಎಂದು ಅವರು ಅಕ್ಕನಿಗೆ ಫೋನ್ ಮಾಡಿ ಸಂಕಟಪಟ್ಟರಂತೆ. ಮೊದಲೆಲ್ಲ ಎಲ್ಲ ಸುದ್ದಿಯೂ ಒಂದು ಬೂತಿನ ಮೂಲಕ ಹೋಗುತ್ತಿತ್ತು. ಈಗ ಪ್ರತಿಯೊಬ್ಬರ ಕಿಸೆಯಲ್ಲೂ ಫೋನು, ಆದರೆ ಯಾರು ಯಾರಿಗೆ ಹೇಳಬೇಕೆಂದು ಯಾರಿಗೂ ಗೊತ್ತಿಲ್ಲ. ಅಕ್ಕ ವೆಬ್‌ಸೈಟ್ ಶುರುಮಾಡಿದ್ದು ಇದಕ್ಕೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಯಾರೇ ತೀರಿಕೊಂಡರೂ ಹೆಸರು, ಮನೆಯ ಹೆಸರು, ದಿನ, ಬೊಜ್ಜ, ಅಂದರೆ ಉತ್ತರಕ್ರಿಯೆ ಮತ್ತು ಊಟ, ಯಾವತ್ತು, ಎಲ್ಲಿ. ಕೆಲವರಿಗೆ ಒಂದು ಫೋಟೋ, ನಾಲ್ಕು ಸಾಲು. ಅಷ್ಟೇ.

ಬೇರೆಯವರ ಸರ್ವರಿನಲ್ಲಿ ಜಾಗ ಬಾಡಿಗೆಗೆ ಹಿಡಿಯಿರಿ ಎಂದು ಎಲ್ಲರೂ ಹೇಳಿದರು. ಅಕ್ಕ ಒಪ್ಪಲಿಲ್ಲ. "ನಮ್ ಜನ ಸತ್ತದ್ದ್ ನಮ್ ಮನಿಯಂಗೇ ಇರ್ಲಿ" ಎಂದರು. ಹೀಗೆ ಅವರ ಕೋಣೆಯೊಳಗೇ ಒಂದು ಹಳೆಯ ಕಂಪ್ಯೂಟರು, ಬ್ರಾಡ್‌ಬ್ಯಾಂಡ್ ಲೈನು, ಎರಡು ಲಾರಿ ಬ್ಯಾಟರಿಯ ಇನ್‌ವರ್ಟರು. ಕಂಪ್ಯೂಟರ್ ರಿಪೇರಿಯವರೊಬ್ಬರು ಬಂದು ಎಲ್ಲ ಜೋಡಿಸಿ, ಮೊದಲು ಸರಿಯಾಗಿ ಓಡುತ್ತದೋ ನೋಡೋಣವೆಂದು ಎಲ್ಲವನ್ನೂ ‘ಟೆಸ್ಟ್’ ಎಂಬ ಫೋಲ್ಡರಿನಲ್ಲಿ ಹಾಕಿದರು. ಓಡಿತು. ಅವರು ದುಬೈಗೆ ಹೋದರು. ಫೋಲ್ಡರು ಹಾಗೇ ಉಳಿಯಿತು. ಮೂರು ವರ್ಷದಲ್ಲಿ ಮೂರು ಊರುಗಳ ಸತ್ತವರೆಲ್ಲ ಟೆಸ್ಟ್ ಒಳಗೆ ಬಂದು ಸೇರಿದರು. ಪ್ರತಿ ಪುಟದ ವಿಳಾಸದಲ್ಲೂ ಆ ಪದ.

ನಾನು ಅಲ್ಲಿಗೆ ಹೋದದ್ದು ನನ್ನ ಸ್ವಾರ್ಥಕ್ಕೆ. ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಲೆಕ್ಕ ಪಾಠ ಮಾಡುತ್ತಿದ್ದೆ, ಸಾಸ್ತಾನದಲ್ಲಿ ಮನೆ. ಯಾವ ಪತ್ರಿಕೆಯೂ ಹಾಕದ ಕಥೆಗಳನ್ನು ಬರೆಯುತ್ತಿದ್ದೆ. ಮೊದಲೂ ಇಲ್ಲದ ಕೊನೆಯೂ ಇಲ್ಲದ ಕಥೆಗಳು. ಅವುಗಳನ್ನು ಇಡಲು ಅಕ್ಕ ತಮ್ಮ ಕಂಪ್ಯೂಟರಿನಲ್ಲಿ ಒಂದು ಮೂಲೆ ಕೊಟ್ಟರು. ಬದಲಿಗೆ ನಾನು ಅವರ ಪುಟಗಳ ದುರಸ್ತಿ ನೋಡಿಕೊಳ್ಳಬೇಕು.

"ಹ್ವಾಯ್ ಮಾಷ್ಟ್ರೇ, ಈ ವಾರ ನಿಮ್ ಕತಿ ಓದೂಕ್ ಇಬ್ರ್ ಬಂದಿರ್" ಎಂದು ಒಮ್ಮೆ ಹೇಳಿದರು.

ನಾನು ಖುಷಿಯಿಂದ, "ಹೌದಾ ಅಕ್ಕ? ಯಾರ್?"

"ಒಬ್ರ್ ನೀವೇ. ಇನ್ನೊಬ್ಬಳ್ ನಾನ್. ಓಡ್ತಿತ್ತಾ ಇಲ್ಯಾ ಕಂಡದ್ದ್."

ಇದು ಅವರಿಗೆ ಗೊತ್ತಾಗುತ್ತಿದ್ದದ್ದು ಲಾಗ್‌ನಿಂದ. ಯಾರಾದರೂ ಒಂದು ಪುಟ ತೆರೆದರೆ ಸರ್ವರ್ ತನ್ನಷ್ಟಕ್ಕೆ ಒಂದು ಸಾಲು ಬರೆದಿಡುತ್ತದೆ: ದಿನ, ಗಂಟೆ, ಯಾವ ಪುಟ, ಸಿಕ್ಕಿತೋ ಇಲ್ಲವೋ. ಬಂದವರ ಹೆಸರು ಅದರಲ್ಲಿ ಇರುವುದಿಲ್ಲ. ಅವರ ಕಂಪ್ಯೂಟರಿಗೆ ಆ ಹೊತ್ತಿಗೆ ಸಿಕ್ಕಿದ ಒಂದು ಉದ್ದದ ನಂಬರು ಇರುತ್ತದೆ, ಅದೂ ನಾಳೆಗೆ ಬೇರೆ. ಜಗತ್ತಿನಲ್ಲಿ ಯಾರೂ ಈ ಸಾಲುಗಳನ್ನು ಓದುವುದಿಲ್ಲ. ಅಕ್ಕ ಓದುತ್ತಿದ್ದರು. ಟ್ರಂಕ್ ಕಾಲ್ ರಿಜಿಸ್ಟರಿನ ಹಾಗೆ ದಿನವೂ ಪ್ರಿಂಟ್ ತೆಗೆದು, ಒಂದು ಮರದ ಸ್ಕೇಲನ್ನು ಸಾಲಿನ ಕೆಳಗೆ ಇಟ್ಟು ಇಟ್ಟು ಜಾರಿಸುತ್ತ. "ಇನ್ನೂರ್ ಅಂದ್ರೆ ಸಿಕ್ಕಿತ್. ನಾನೂರ ನಾಲ್ಕ್ ಅಂದ್ರೆ ಸಿಕ್ಲಿಲ್ಲೆ. ಇದ್ರಂಗೆ ಕಷ್ಟ ಎಂತ ಇತ್ತ್?"

ಯಾರು ಏನು ಬರೆದುಕೊಟ್ಟರೂ ಅವರು ತಿದ್ದುತ್ತಿರಲಿಲ್ಲ, ಬೇಡ ಎನ್ನುತ್ತಿರಲಿಲ್ಲ. ಸೊಸೆಯ ಹೆಸರು ಬಿಟ್ಟು ಬರೆದುಕೊಟ್ಟರೆ ಬಿಟ್ಟೇ ಹಾಕುತ್ತಿದ್ದರು. ಸೊಸೆ ಬಂದು ಬೈದರೆ ಅವಳದ್ದೂ ಒಂದು ಸಾಲು ಹಾಕುತ್ತಿದ್ದರು. ಒಮ್ಮೆ ಬದುಕಿದ್ದವರ ಫೋಟೋ ಸತ್ತವರ ಹೆಸರಿನ ಕೆಳಗೆ ಬಂತು. ಇಬ್ಬರದ್ದೂ ಒಂದೇ ಹೆಸರು, ಫೋಟೋ ತಂದುಕೊಟ್ಟವರದ್ದೇ ಗಡಿಬಿಡಿ. ಆ ಮನುಷ್ಯ ಬ್ರಹ್ಮಾವರದಿಂದ ಫೋನ್ ಮಾಡಿ ಎಗರಾಡಿದರು. ಅಕ್ಕ ಸಮಾಧಾನದಿಂದ ಕೇಳಿ, "ಫೋನ್ ಮಾಡ್ದದ್ದ್ ಒಳ್ಳೇದಾಯ್ತ್ ಮಾರಾಯ್ರೆ. ಇಲ್ದಿರೆ ನಾಡಿದ್ದ್ ನಾನ್ ನಿಮ್ಮನಿಗ್ ಊಟಕ್ಕೆ ಬತ್ತಿದ್ದೆ" ಎಂದರು. ಆ ಮನುಷ್ಯ ನಕ್ಕರಂತೆ. ನನಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ.

ಇನ್ನು ಅವರ ತಮ್ಮನ ವಿಷಯ. ಇಲ್ಲಿಯವರೆಗೆ ನಾನು ಅದನ್ನು ತಪ್ಪಿಸುತ್ತ ಬಂದೆ.

ಅಕ್ಕನಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಅಣ್ಣನಿಗೆ ನಾವುಂದದಲ್ಲಿ ಹಾರ್ಡ್‌ವೇರ್ ಅಂಗಡಿ. ತಮ್ಮ ಮುಂಬಯಿಯ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದ. 1997ರಲ್ಲಿ ಅವನು ಆ ಹೋಟೆಲು ಬಿಟ್ಟ. ಆಮೇಲೆ ಯಾರಿಗೂ ಸಿಗಲಿಲ್ಲ. ಕೊನೆಯ ಸಲ ಅವನು ಊರಿಗೆ ಫೋನ್ ಮಾಡಿದಾಗ ಬೈಂದೂರು ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತಿದ್ದದ್ದು ಅಕ್ಕ. "ಅಕ್ಕ, ಮನಿಗೆ ಕೊಡ್" ಎಂದನಂತೆ. ಅಕ್ಕ ಮನೆಗೆ ಕೊಟ್ಟರು. ಫೋನೆತ್ತಿದ್ದು ಅಣ್ಣ. ಅಲ್ಲಿಗೆ ಅಕ್ಕ ಲೈನಿನಿಂದ ಹೊರಗೆ ಬಂದರು, ನಿಯಮದಂತೆ. ಏನು ಮಾತಾಯಿತೋ ಕೇಳಲಿಲ್ಲ.

ಇದು ಅವರು ನನಗೆ ಮೊದಲ ಸಲ ಹೇಳಿದ್ದು. ವರ್ಷದ ಮೇಲೆ, ಬ್ಯಾಟರಿಗೆ ನೀರು ತುಂಬಿಸುತ್ತ ಇನ್ನೊಮ್ಮೆ ಹೇಳಿದಾಗ ಸ್ವಲ್ಪ ಬೇರೆ ಇತ್ತು. ಆ ಒಂದು ಸಲ ಮಾತ್ರ ಅವರು ಕೂಡಲೇ ಹೊರಗೆ ಬಂದಿರಲಿಲ್ಲವಂತೆ. ತಮ್ಮ, "ಅಬ್ಬಿಗ್ ಕೊಡ್ ಕಾಂಬ" ಎಂದು ತಾಯಿಯನ್ನು ಕೇಳಿದ್ದು ಕೇಳಿಸಿತಂತೆ. ಅಣ್ಣ, "ಅಬ್ಬೆ ಮನ್ಕಂಡಿತ್" ಎಂದದ್ದೂ ಕೇಳಿಸಿತಂತೆ. ಹಗಲು ಹನ್ನೊಂದು ಗಂಟೆಗೆ ನಿದ್ದೆ. ಯಾವುದು ನಿಜ? ನಾನು ಕೇಳಲಿಲ್ಲ. ಎರಡನೆಯದು ಹೆಚ್ಚು ನೋಯಿಸುತ್ತದೆ, ಹಾಗಾಗಿ ಅದೇ ನಿಜವೆಂದು ಅನಿಸುತ್ತದೆ. ಇದು ಒಳ್ಳೆಯ ಕಾರಣವಲ್ಲ.

ಅಬ್ಬೆ 2001ರಲ್ಲಿ ತೀರಿಕೊಂಡರು. ಜಾಲತಾಣ ಶುರುವಾದಾಗ ಅಕ್ಕ ಅಬ್ಬೆಗೂ ಒಂದು ಪುಟ ಮಾಡಿದರು. ವರ್ಷದ ತಿಥಿಯ ದಿನ ಮುಂಬಯಿಯ ಕನ್ನಡದವರು ಓದುವ ಒಂದು ಪತ್ರಿಕೆಯಲ್ಲಿ ಅಬ್ಬೆಯ ಸಣ್ಣ ಫೋಟೋ ಹಾಕಿಸಿ, ಅದರ ಕೆಳಗೆ ಆ ಪುಟದ ವಿಳಾಸವನ್ನು ಅಚ್ಚು ಮಾಡಿಸಿದರು. ಟೆಸ್ಟ್ ಎಂಬ ಪದವೂ ಅದರಲ್ಲಿತ್ತು. ಅದಾಗಿ ಎರಡು ತಿಂಗಳಿಗೆ ಲಾಗ್‌ನಲ್ಲಿ ಒಂದು ಸಾಲು ಬರತೊಡಗಿತು. ಯಾರೋ ಮುಖಪುಟಕ್ಕೆ ಬಾರದೆ, ಬೇರೆ ಯಾವ ಪುಟವನ್ನೂ ನೋಡದೆ, ಸೀದಾ ಅಬ್ಬೆಯ ಪುಟ ತೆರೆದು ಹೋಗುತ್ತಿದ್ದರು. ಮಧ್ಯಾಹ್ನ ಮೂರು ಗಂಟೆಯ ಆಸುಪಾಸು.

"ಇದ್ ಅವ್ನೇ" ಎಂದರು ಅಕ್ಕ.

"ಹ್ಯಾಂಗ್ ಹೇಳ್ತ್ರಿ ಅಕ್ಕ?"

"ಮೂರ್ ಗಂಟಿಗೆ ಯಾರಿಗ್ ಪುರ್ಸೊತ್ತ್ ಇರ್ತ್, ಹೇಳಿ? ಹೋಟ್ಲಾರಿಗೆ. ಊಟ ಮುಗ್ದ್ ಚಾ ಶುರುವಾಪ್ದ್ರೊಳ್ಗೆ." ಆಮೇಲೆ ಪಂಚಾಂಗ ತೆಗೆದು ತೋರಿಸಿದರು. ಆ ಸಾಲುಗಳೆಲ್ಲ ಅಮಾವಾಸ್ಯೆಯ ದಿನದವು. ಎಲ್ಲವೂ ಎಂದು ಅವರು ಹೇಳಿದರು. ನಾನು ನೋಡಿದ ನೆನಪಿನಲ್ಲಿ ಕೆಲವು ಹಿಂದಿನ ದಿನದವೂ ಇದ್ದವು, ಒಂದಂತೂ ಬರೀ ಒಂದು ಬುಧವಾರ. ಲೆಕ್ಕದ ಮಾಷ್ಟ್ರಾಗಿ ನಾನು ಅದನ್ನು ಹೇಳಬೇಕಿತ್ತು. ಹೇಳಲಿಲ್ಲ.

"ಪುಟದಲ್ಲಿ ನಿಮ್ಮ ಫೋನ್ ನಂಬರ್ ಹಾಕಿ, ಮಾತಾಡು ಅಂತ ಬರೀರಿ" ಎಂದೆ.

ಅಕ್ಕ ತಲೆ ಅಲ್ಲಾಡಿಸಿದರು. "ಫೋನ್ ಮಾಡಿ ಮಾತಾಡ್ದೆ ಇಪ್ಪವ್ರ್ ಇರ್ತ್ರ್ ಮಾಷ್ಟ್ರೇ. ಅವ್ರತ್ರ ಯಾರ್ ನೀವ್ ಅಂದೇಳಿ ಕೇಂಡ್ರೆ ಫೋನ್ ಇಟ್ಬಿಡ್ತ್ರ್. ಕೇಣ್ದೆ ಇದ್ರೆ ಮತ್ತೊಂದಿನ ಮಾಡ್ತ್ರ್. ಬತ್ತಾ ಇದ್ನಲೆ. ಸಾಕ್."

ಎರಡು ವರ್ಷ ಹೀಗೇ ಹೋಯಿತು. ಆಮೇಲೆ ಒಂದು ಶನಿವಾರ ಅವರ ಅಣ್ಣ ಅಕ್ಕನ ಬೂತಿಗೆ ಬಂದರು. ನಾನು ಅಲ್ಲೇ ಇದ್ದೆ. ಕೈಯಲ್ಲಿ ಒಂದು ಕಾಗದ. ತಮ್ಮ ಕಾಣೆಯಾಗಿ ಹನ್ನೆರಡು ವರ್ಷವಾಗುತ್ತ ಬಂದಿತ್ತು. ಹನ್ನೆರಡು ವರ್ಷ ಸುದ್ದಿಯಿಲ್ಲದವರನ್ನು ಸತ್ತವರೆಂದು ಎಣಿಸಿ, ದರ್ಭೆಯಲ್ಲಿ ಮನುಷ್ಯನ ಆಕಾರ ಮಾಡಿ ಸುಟ್ಟು, ಬೊಜ್ಜ ಮಾಡಿ ಮುಗಿಸುವ ಕ್ರಮ ಉಂಟು. ಅಣ್ಣ ಅದರ ದಿನ ಗೊತ್ತುಮಾಡಿಸಿ, ತಾಣದಲ್ಲಿ ಹಾಕಲು ಬರೆದು ತಂದಿದ್ದರು.

"ಜೋಯ್ಸರ್ ಹೇಳಿರ್ ತಂಗೀ. ಅವ್ನ್ ಕ್ರಿಯೆ ಆಗ್ದೆ ಹೆಣ್ಣಿನ್ ಮದಿ ಮಾಡೂಕಾಗ ಅಂದೇಳಿ."

ಅಕ್ಕ ಲಾಗ್‌ನ ಕಾಗದಗಳನ್ನು ಮುಂದೆ ಹಾಕಿದರು. "ಅಣ್ಣಯ್ಯ, ಅವ ಇದ್ದ. ಇಲ್ಕಾಣ್."

"ಎಲ್ಲಿದ್ದ? ಈ ಕಾಗ್ದದಂಗಾ?"

"ಬದ್ಕಿಪ್ಪವ್ನ್ ಬೊಜ್ಜ ಮಾಡೂಕಾತ್ತಾ?"

ಅಣ್ಣ ಕೂಗಾಡುತ್ತಾರೆಂದುಕೊಂಡಿದ್ದೆ. ಅವರು ಸ್ಟೂಲಿನ ಮೇಲೆ ಕೂತು ಕಾಗದಗಳನ್ನು ಒಂದೊಂದಾಗಿ ನೋಡಿದರು. ಅವರಿಗೆ ಏನೂ ಅರ್ಥವಾಗಲಿಲ್ಲ, ಆದರೂ ನೋಡಿದರು. ಆಮೇಲೆ ಹೇಳಿದರು: "ಅವ ಬದ್ಕಿದ್ರೆ ಅಬ್ಬೆ ಸತ್ತದ್ದಕ್ಕಾರೂ ಬತ್ತಿದ್ದ. ಆಯ್ಲಿ, ನಿನ್ ಮಾತೇ ಆಯ್ಲಿ. ಬೊಜ್ಜಕ್ಕೆ ಇನ್ನೂ ಹತ್ತ್ ದಿನ ಇತ್ತ್. ಇದ್ದೆ ಅಂದೇಳಿ ಒಂದ್ ಮಾತ್ ಅವ್ನ್ ಬಾಯಂಗೆ ಹೇಳ್ಸ್. ನಾನ್ ಎಲ್ಲ ನಿಲ್ಸ್ತೆ."

ಅವರು ಹೋದ ಮೇಲೆ ಅಕ್ಕ ಆ ಕಾಗದವನ್ನು ಟೈಪ್ ಮಾಡಿ ಮುಖಪುಟದಲ್ಲಿ ಎಲ್ಲಕ್ಕಿಂತ ಮೇಲೆ ಹಾಕಿದರು. ತಮ್ಮನ ಹೆಸರು, ಮನೆಯ ಹೆಸರು, ಬೊಜ್ಜದ ದಿನ.

"ಇದನ್ನ್ ಎಂತಕ್ ಹಾಕ್ತ್ರಿ ಅಕ್ಕ?" ಎಂದೆ.

"ಬಂದ್ ಕಾಲ್ ತಡೂಕೆ ನಾನ್ ಯಾರ್ ಮಾಷ್ಟ್ರೇ? ಮತ್ತೆ, ಅವ ಮುಖಪುಟ ಕಾಂಬುದೇ ಇಲ್ಲೆ. ಸೀದಾ ಅಬ್ಬಿ ಹತ್ರ ಹೋತ. ಅಲ್ಲಿ ಒಂದ್ ಸಾಲ್ ಬರ್ದಿಡ್ತೆ, ಅವ್ನಿಗೆ. ಮಂಗ್ಳವಾರ ಅಮಾಸೆ."

ಇದನ್ನು ಅವರು ಆ ಶನಿವಾರವೇ ಹೇಳಿದರೋ, ಎಲ್ಲ ಮುಗಿದ ಮೇಲೆ ಹೇಳಿದರೋ? ನನ್ನ ನೆನಪು ಮೆಲ್ಲನೆ ‘ಆಮೇಲೆ’ ಎನ್ನುತ್ತದೆ. ಅದು ನನಗೆ ಅನುಕೂಲವಾದ ಉತ್ತರ. ನಂಬಬೇಡಿ.

ಮರುದಿನ ಭಾನುವಾರ. ಡಿಸ್ಕು ತುಂಬಿತ್ತು, ಹೊಸ ಫೋಟೋ ಹಾಕಲು ಜಾಗವಿರಲಿಲ್ಲ. ನಾನು ಹೊಸ ಡಿಸ್ಕು ತಂದಿದ್ದೆ. ಹೇಗೂ ಸಾಗಿಸಬೇಕಲ್ಲ, ಇದೇ ಸಂದರ್ಭವೆಂದು ಆ ಟೆಸ್ಟ್ ಎಂಬ ಹೆಸರನ್ನೂ ತೆಗೆದುಬಿಡೋಣ ಎಂದೆ. ಸತ್ತವರನ್ನು ಪರೀಕ್ಷೆಯ ಫೋಲ್ಡರಿನಲ್ಲಿ ಇಟ್ಟದ್ದು ನನಗೆ ಸಹಿಸಲಾಗುತ್ತಿರಲಿಲ್ಲ. ಒಳ್ಳೆಯ ಹೆಸರಿನ ಫೋಲ್ಡರು ಮಾಡಿದೆ, ವರ್ಷವಾರು ವಿಂಗಡಿಸಿದೆ. ಅಕ್ಕ ಹಿಂದೆ ನಿಂತು ನೋಡುತ್ತಿದ್ದರು.

"ಮಾಷ್ಟ್ರೇ, ಹಳೇ ನಂಬ್ರಿಗ್ ಮಾಡ್ದವ್ರಿಗೆ ಎಂತ ಕೇಣ್ತ್?"

ಹಳೆಯ ವಿಳಾಸಕ್ಕೆ ಬಂದವರ ಗತಿಯೇನು ಎಂದು ಅವರು ಕೇಳಿದ್ದು. ಸರಿಯಾದ ಪ್ರಶ್ನೆ. ಹಳೆಯ ಒಂದೊಂದು ಪುಟಕ್ಕೂ ಅದರದರ ಹೊಸ ಪುಟದ ದಾರಿ ಬರೆದಿಡಬಹುದಿತ್ತು. ಅದಕ್ಕೆ ಇಡೀ ದಿನ ಬೇಕು. ಎಲ್ಲವನ್ನೂ ಒಂದೇ ಕಡೆಗೆ ತಿರುಗಿಸಿದರೆ ಒಂದು ಸಾಲು ಸಾಕು.

"ಎಲ್ಲ ಮುಖಪುಟಕ್ಕೆ ಬತ್ರ್ ಅಕ್ಕ. ಅಲ್ಲಿಂದ ಹುಡ್ಕಂತ್ರ್."

"ಎಲ್ರೂವಾ?"

"ಎಲ್ರೂ."

ಅಕ್ಕ ಹ್ಞಾಂ ಎಂದರು. ಟೆಲಿಫೋನಿನ ವಿಷಯವಾಗಿದ್ದರೆ ಅವರು ಒಪ್ಪುತ್ತಿರಲಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಅವರು ನನ್ನನ್ನು ನಂಬಿದ್ದರು. ಹಳೆಯ ಡಿಸ್ಕನ್ನು ನಾನು ಅವತ್ತೇ ಅಳಿಸಿ ಬೇರೆ ಕೆಲಸಕ್ಕೆ ತೆಗೆದಿಟ್ಟೆ.

ಮಂಗಳವಾರ ಕಾಲೇಜಿಗೆ ಫೋನ್ ಬಂತು. ನಾಲ್ಕು ಗಂಟೆಯಾಗಿರಬೇಕು.

"ಮಾಷ್ಟ್ರೇ, ಮುನ್ನೂರ ಒಂದ್ ಅಂದ್ರೆ ಎಂತ?"

ಕೇಳಿದ ಕೂಡಲೇ ತಿಳಿಯಿತು ಎಂದು ಬರೆಯಬೇಕೆನಿಸುತ್ತದೆ. ತಿಳಿಯಲಿಲ್ಲ. "ವಿಳಾಸ ಬದಲಾಗಿದೆ ಅಂತ ಅಕ್ಕ, ತೊಂದರೆ ಇಲ್ಲ" ಎಂದೆ. ಅವರು ಫೋನ್ ಇಡಲಿಲ್ಲ. ಆಗ ತಿಳಿಯಿತು. ಬ್ರಹ್ಮಾವರದಿಂದ ಕುಂದಾಪುರಕ್ಕೆ ಎಕ್ಸ್‌ಪ್ರೆಸ್ ಬಸ್ಸು ಅವತ್ತಿನಷ್ಟು ನಿಧಾನ ಯಾವತ್ತೂ ಹೋಗಿಲ್ಲ.

ಸ್ಕೇಲು ಎರಡು ಸಾಲುಗಳ ಕೆಳಗೆ ಇತ್ತು. ಮೂರು ಗಂಟೆ ಎಂಟು ನಿಮಿಷಕ್ಕೆ ಯಾರೋ ಅಬ್ಬೆಯ ಪುಟವನ್ನು ಹಳೆಯ ವಿಳಾಸದಲ್ಲಿ ಕೇಳಿದ್ದರು. ಮುನ್ನೂರ ಒಂದು. ಅದೇ ಕ್ಷಣಕ್ಕೆ ಮುಖಪುಟ ತೆರೆದಿತ್ತು. ಇನ್ನೂರು. ಆಮೇಲೆ ಆ ನಂಬರಿನಿಂದ ಏನೂ ಇಲ್ಲ. ಹುಡುಕಲಿಲ್ಲ, ಬೇರೆ ಪುಟ ಒತ್ತಲಿಲ್ಲ. ಅಬ್ಬೆಯನ್ನು ನೋಡಲು ಬಂದವರಿಗೆ ಸಿಕ್ಕಿದ್ದು ಮುಖಪುಟದ ಮೊದಲ ಪ್ರಕಟಣೆ. ಬಂದದ್ದು ತಮ್ಮನೇ ಆಗಿದ್ದರೆ, ಅವನು ಓದಿದ್ದು ತನ್ನದೇ ಬೊಜ್ಜದ ದಿನ.

ನಾನು ಕೂತು ಹಳೆಯ ಫೋಲ್ಡರನ್ನು ಮೊದಲಿದ್ದ ಹೆಸರಿನಲ್ಲೇ ಮತ್ತೆ ಮಾಡಿದೆ. ಟೆಸ್ಟ್. ಅಬ್ಬೆಯ ಪುಟವನ್ನು ಅಲ್ಲಿಗೆ ತಂದಿಟ್ಟೆ. ತೆರೆಯುತ್ತದೋ ಎಂದು ನೋಡಿದೆ. ಅಬ್ಬೆಯ ಫೋಟೋ ಬಂತು. ಪುಟ ಕೆಳಗೆ ಇಳಿಯುತ್ತಿದ್ದಂತೆ ಅಕ್ಕ ಕೈ ಚಾಚಿ ಮಾನಿಟರಿನ ಕೆಳಗಿನ ಅರ್ಧಕ್ಕೆ ಅಂಗೈಯನ್ನು ಅಡ್ಡ ಇಟ್ಟರು.

"ಅಷ್ಟ್ ಕಂಡ್ರೆ ಸಾಕ್."

ಅವರು ತಮ್ಮನಿಗೆ ಬರೆದ ಸಾಲು ಆ ಕೈಯ ಹಿಂದೆ ಇತ್ತು. ನಾನು ಪುಟ ಮುಚ್ಚಿದೆ. ಕ್ಷಮಿಸಿ ಎಂದೆನೋ ಇಲ್ಲವೋ. ಅಕ್ಕ ಹೇಳಿದ್ದು ನೆನಪಿದೆ: "ರಾಂಗ್ ನಂಬ್ರಿಗೆ ಹೋಯ್ತ್. ಬೋರ್ಡಿನ್ ಮುಂದೆ ಕೂಕಂಡವ್ರಿಗೆಲ್ಲ ಒಂದ್ ಸಲ ಆತ್ತ್ ಮಾಷ್ಟ್ರೇ."

ಬೊಜ್ಜದ ದಿನದವರೆಗೆ ನಾವು ದಿನವೂ ಲಾಗ್ ನೋಡಿದೆವು. ಫೋನಿನ ಹತ್ತಿರ ಅಕ್ಕ ಯಾರನ್ನೂ ಕೂರಗೊಡಲಿಲ್ಲ. ಆ ಸಾಲು ಬರಲಿಲ್ಲ, ಫೋನೂ ಬರಲಿಲ್ಲ. ನಾವುಂದದ ಮನೆಯಲ್ಲಿ ಎಲ್ಲವೂ ಕ್ರಮದಂತೆ ನಡೆಯಿತು. ನಾನೂ ಹೋಗಿದ್ದೆ. ಅಕ್ಕ ಸೆರಗು ಸಿಕ್ಕಿಸಿಕೊಂಡು ಪಂಕ್ತಿಯಲ್ಲಿ ಮಜ್ಜಿಗೆ ಬಡಿಸಿದರು. "ನೀವ್ ಕೂಕಣಿ ಅಕ್ಕ" ಎಂದವರಿಗೆಲ್ಲ "ನಂದ್ ಮತ್ತೆ" ಎಂದರು. ಅವರು ಉಂಡದ್ದನ್ನು ನಾನು ಕಾಣಲಿಲ್ಲ. ಮರುದಿನ ಅಬ್ಬೆಯ ಪುಟದಲ್ಲಿ ಫೋಟೋ ಮತ್ತು ಮೊದಲಿನ ನಾಲ್ಕು ಸಾಲು ಮಾತ್ರ ಇದ್ದವು. ಅಣ್ಣನ ಮಗಳ ಮದುವೆ ಆ ವರ್ಷವೇ ಆಯಿತು. ಕಳೆದ ವಾರ ಫೋನ್ ಮಾಡಿದ್ದು ಅವಳೇ.

ಇದರ ಮೇಲೆ ಇನ್ನೊಂದು ಸಂಗತಿಯನ್ನು ನಾನು ಅಕ್ಕನಿಗೆ ಹೇಳದೆ ಬಹಳ ದಿನ ಇಟ್ಟುಕೊಂಡಿದ್ದೆ. ವಿಳಾಸ ಕಾಯಂ ಬದಲಾಗಿದೆ ಎಂದು ಒಮ್ಮೆ ಹೇಳಿದರೆ ಕೆಲವು ಕಂಪ್ಯೂಟರುಗಳು ಅದನ್ನು ನೆನಪಿಟ್ಟುಕೊಳ್ಳುತ್ತವೆ. ಮುಂದಿನ ಸಲ ಹಳೆಯ ವಿಳಾಸವನ್ನು ಕೇಳುವುದೇ ಇಲ್ಲ. ತಾವಾಗಿ ಹೊಸದಕ್ಕೆ ಹೋಗುತ್ತವೆ. ಅಂದರೆ ನಾನು ಫೋಲ್ಡರನ್ನು ಮತ್ತೆ ತಂದಿಟ್ಟದ್ದು ಆ ಮನುಷ್ಯನಿಗೆ ತಲುಪದೆಯೇ ಇರಬಹುದು. ಆರೇಳು ತಿಂಗಳ ಮೇಲೆ, ತಡೆಯಲಾರದೆ ಹೇಳಿದೆ. ಅವರು ಬಯ್ಯಲಿ ಎಂದೇ ಹೇಳಿದ್ದಿರಬೇಕು.

ಅಕ್ಕ ಸ್ಕೇಲನ್ನು ಕೆಳಗಿಟ್ಟರು. ಆಮೇಲೆ ಕೇಳಿದರು, "ಹಾಂಗಾರೆ ಅವ ಬತ್ತಾ ಇಪ್ಪೂಕೂ ಸಾಕ್? ಮುಖಪುಟಕ್ಕೆ?"

"ಇಪ್ಪೂಕೂ ಸಾಕ್" ಎಂದೆ. ಬರುತ್ತಿದ್ದರೂ ಇರಬಹುದು.

ಮುಖಪುಟಕ್ಕೆ ದಿನವೂ ಬಹಳ ಜನ ಬರುತ್ತಿದ್ದರು. ಮೂರು ಗಂಟೆಗೂ ಬರುತ್ತಿದ್ದರು, ಹೋಟೆಲಿನವರೇ ಹೆಚ್ಚು. ಅದರಲ್ಲಿ ಒಬ್ಬರನ್ನು ಬೇರೆ ಮಾಡುವ ಯಾವ ಉಪಾಯವೂ ಇರಲಿಲ್ಲ. ಅಕ್ಕನಿಗೆ ಅದು ಗೊತ್ತಿತ್ತು. ಆದರೂ ಅವತ್ತಿನಿಂದ ಪ್ರತಿ ಅಮಾವಾಸ್ಯೆಗೆ ಮೂರು ಗಂಟೆಯ ಮುಖಪುಟದ ಸಾಲುಗಳಿಗೆಲ್ಲ ಪೆನ್ಸಿಲಿನಲ್ಲಿ ಒಂದೊಂದು ಗುರುತು ಹಾಕುತ್ತ ಬಂದರು. ಯಾವುದನ್ನೂ ಬಿಡಲಿಲ್ಲ. ಆ ದಿನ ಕರೆಂಟು ಹೋದರೆ ಇನ್‌ವರ್ಟರಿನ ಪಕ್ಕದಲ್ಲೇ ಕುರ್ಚಿ ಹಾಕಿ ಕೂರುತ್ತಿದ್ದರು. ಕೊನೆಯ ಸಲ ಆಸ್ಪತ್ರೆಗೆ ಹೋಗುವಾಗಲೂ ಅಣ್ಣನ ಮಗಳಿಗೆ ಹೇಳಿದ್ದು ಒಂದೇ: "ಲೈಟ್ ಬಿಲ್ ಕಟ್ಟೂಕೆ ಮರೀಬೇಡ ಮಗಾ."

ಇವತ್ತು ಕೊನೆಗೂ ಕೆಲಸ ಮಾಡಿ ಮುಗಿಸಿದೆ. ಎಲ್ಲ ಪುಟಗಳೂ ಬಾಡಿಗೆಯ ಸರ್ವರಿಗೆ ಹೋದವು. ವಿಳಾಸ ಒಂದನ್ನೂ ಬದಲಿಸಲಿಲ್ಲ. ಟೆಸ್ಟ್ ಫೋಲ್ಡರು ಟೆಸ್ಟ್ ಎಂದೇ ಹೋಯಿತು, ಅಬ್ಬೆಯ ಪುಟ ಅದರೊಳಗೇ ಇದೆ. ಒಂದೊಂದನ್ನೂ ತೆರೆದು ನೋಡಿದೆ. ಮಧ್ಯಾಹ್ನವಾಗಿತ್ತು. ಕಂಪ್ಯೂಟರನ್ನು ಆಫ್ ಮಾಡಿದ ಮೇಲೆ ಕೋಣೆ ಅಷ್ಟೊಂದು ನಿಶ್ಶಬ್ದವಾಗುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಮೂರು ಗಂಟೆಗೆ ಬರುತ್ತಿದ್ದದ್ದು ಅವರ ತಮ್ಮನೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಹೌದಾದರೆ ಅವನು ಆ ಪ್ರಕಟಣೆ ಓದಿ ಬರುವುದನ್ನು ಬಿಟ್ಟನೋ, ಇನ್ನೂ ಬರುತ್ತಿದ್ದಾನೋ, ಬದುಕಿದ್ದಾನೋ, ಗೊತ್ತಿಲ್ಲ. ಅಕ್ಕ ಅವನಿಗೆ ಬರೆದಿದ್ದ ಸಾಲು ಏನಿತ್ತು ಎಂಬುದೂ ಗೊತ್ತಿಲ್ಲ.